ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಮ್ಯಾಕ್ಸಿಮಲಿಸ್ಟ್ ಶೈಲಿಯಲ್ಲಿ ಸಿಂಗರಿಸುವುದು ಹೇಗೆ: ಅಟ್ಟ ಖಾಲಿ ಮಾಡುವುದರಿಂದ ಧೂಳು ಒರೆಸುವವರೆಗೆ

ಈಗಿನ ಅಪಾರ್ಟ್‌ಮೆಂಟ್‌ಗಳ ಒಳಗೆ ಹೋದರೆ ಬಹುತೇಕ ಎಲ್ಲ ಮನೆಯೂ ಒಂದೇ ಥರ ಕಾಣುತ್ತೆ. ಕೆನೆ ಬಣ್ಣದ ಗೋಡೆ, ಬೂದು ಸೋಫಾ, ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಟಿವಿ ಹಿಂದೆ ಮರದ ಪ್ಯಾನೆಲ್. ಅದು ಇಷ್ಟ ಇರುವವರಿಗೆ ಈ ಬರಹ ಬೇಡ. ಅಜ್ಜಿಯ ಹಿತ್ತಾಳೆ ಕೊಳಗ ಅಟ್ಟದಲ್ಲಿ ಯಾಕೆ ಬಿದ್ದಿರಬೇಕು, ಪುಸ್ತಕ, ಸೀರೆ, ಗೊಂಬೆ, ಹಳೆಯ ಫೋಟೋ ಎಲ್ಲ ಕಣ್ಣೆದುರು ಇರಬಾರದಾ ಅಂತ ಅನಿಸುವವರಿಗೆ ಇದು.

ಮ್ಯಾಕ್ಸಿಮಲಿಸಂ ಅಂದರೆ ತುಂಬಿದ ಮನೆ. ಜಾಸ್ತಿ ಬಣ್ಣ, ಜಾಸ್ತಿ ವಿನ್ಯಾಸ, ಜಾಸ್ತಿ ವಸ್ತು. ಇದು ನಮಗೆ ಹೊಸದೇನೂ ಅಲ್ಲ. 1121ರ ಹೊತ್ತಿಗೆ ಕಟ್ಟಲು ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಅಂಗೈಯಷ್ಟು ಜಾಗವೂ ಖಾಲಿ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಗೋಡೆ, ಕಂಬ, ಕಮಾನು ಎಲ್ಲದರ ಮೇಲೂ ಚಿತ್ರ ಇದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರಿಗಂತೂ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಆದರೂ ಇಷ್ಟೊಂದು ತುಂಬಿರುವ ಹಳೇಬೀಡಿನ ಗೋಡೆ ಗಜಿಬಿಜಿ ಅಂತ ಯಾಕೆ ಅನಿಸೋದಿಲ್ಲ? ಅದನ್ನು ಪಟ್ಟಿ ಪಟ್ಟಿಯಾಗಿ ತುಂಬಿದ್ದಾರೆ. ಕೆಳಗೆ ಆನೆಗಳ ಸಾಲು, ಆಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ, ಎಲ್ಲಕ್ಕಿಂತ ಮೇಲೆ ದೊಡ್ಡ ದೊಡ್ಡ ವಿಗ್ರಹಗಳು. ಈ ಬರಹದಲ್ಲಿ ನಾನು ಹೇಳೋದೆಲ್ಲ ಇದೇ ವಿಚಾರವನ್ನು ಮನೆಗೆ ಹೊಂದಿಸುವ ಬಗೆ. ಎಷ್ಟು ಬೇಕಾದರೂ ತುಂಬಿ, ಆದರೆ ತುಂಬಿದ್ದಕ್ಕೆ ಒಂದು ಕ್ರಮ ಇರಲಿ.

ಹೆಜ್ಜೆ 1: ಅಂಗಡಿಗೆ ಹೋಗಬೇಡಿ, ಅಟ್ಟ ಹತ್ತಿ

ಈ ಶೈಲಿ ದುಬಾರಿ ಅಂತ ಹಲವರು ಅಂದುಕೊಂಡಿದ್ದಾರೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಂಡರೆ ಖಂಡಿತ ದುಬಾರಿ. ಅಷ್ಟೇ ಅಲ್ಲ, ಹಾಗೆ ತುಂಬಿಸಿದ ಮನೆ ಹೋಟೆಲ್ ಲಾಬಿ ಥರ ಕಾಣುತ್ತೆ. ಆದ್ದರಿಂದ ಮೊದಲು ಮನೆಯಲ್ಲೇ ಏನಿದೆ ಅಂತ ನೋಡಿ. ಅಟ್ಟ, ಬೀರು, ದಿವಾನದ ಕೆಳಗಿನ ಪೆಟ್ಟಿಗೆ, ಊರಿನ ಮನೆಯ ಕತ್ತಲೆ ಕೋಣೆ, ಎಲ್ಲ ಕಡೆಯೂ ಹುಡುಕಿ. ಸಿಕ್ಕಿದ್ದನ್ನು ಹಾಲ್‌ನಲ್ಲಿ ಹರಡಿ ಒಂದು ಫೋಟೋ ತೆಗೆದುಕೊಳ್ಳಿ. ಉಟ್ಟು ಹಳೆಯದಾದ ಸೀರೆ, ತಾಮ್ರದ ಹಂಡೆ, ಹಿತ್ತಾಳೆ ದೀಪ, ಬೀಸುವ ಕಲ್ಲು, ಮದುವೆಯ ಕಪ್ಪು ಬಿಳುಪು ಫೋಟೋ, ಬಾಲ್ಯದ ಚನ್ನಪಟ್ಟಣದ ಬುಗುರಿ, ಮಣೆ, ಚನ್ನೆಮಣೆ, ಯಾರೋ ತಂದುಕೊಟ್ಟ ಬಿದರಿ ಹೂದಾನಿ. ಹೀಗೆ ಏನೇನೋ ಸಿಗುತ್ತೆ.

ಇದನ್ನು ಮೂರು ರಾಶಿ ಮಾಡಿ. ನೋಡಿದ ಕೂಡಲೇ ಖುಷಿ ಕೊಡುವುದು ಒಂದು ಕಡೆ, ಸರಿಯಾದ ಜಾಗ ಸಿಕ್ಕರೆ ಇಡಬಹುದಾದ್ದು ಇನ್ನೊಂದು ಕಡೆ. ಯಾವ ಭಾವನೆಯನ್ನೂ ಹುಟ್ಟಿಸದ್ದು ಮೂರನೆಯ ರಾಶಿಗೆ. ಆಫೀಸಿನಲ್ಲಿ ಕೊಟ್ಟ ಫಲಕ, ಮದುವೆಗೆ ಬಂದ ಪ್ಲಾಸ್ಟಿಕ್ ಹೂಗುಚ್ಛ ಇಂಥವು ಸಾಮಾನ್ಯವಾಗಿ ಆ ರಾಶಿಗೆ ಸೇರುತ್ತವೆ, ಅವನ್ನು ಮನೆಯಿಂದ ಆಚೆ ಕಳಿಸಿಬಿಡಿ. ತುಂಬಿದ ಮನೆ ಮಾಡುವವರೇ ಆಯ್ಕೆಯಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು, ಯಾಕೆಂದರೆ ಇಲ್ಲಿ ಬೇಡದ ವಸ್ತು ಪಕ್ಕದಲ್ಲಿರುವ ಒಳ್ಳೆಯ ವಸ್ತುವನ್ನೂ ಮುಚ್ಚಿಹಾಕುತ್ತೆ.

ಹಳೆಯ ವಸ್ತು ಕೊಳ್ಳುವ ಆಸೆ ಇರುವವರಿಗೆ ಒಂದು ಮಾತು. 100 ವರ್ಷಕ್ಕಿಂತ ಹಳೆಯ ಶಿಲ್ಪ, ವಿಗ್ರಹ, ಚಿತ್ರಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತೆ, ನೋಂದಣಿ ಬೇಕಾಗುತ್ತೆ. ಯಾವುದೋ ಗುಡಿಯಿಂದ ಬಂದ ಹಾಗೆ ಕಾಣುವ ವಿಗ್ರಹವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಅದು ಇರಬೇಕಾದ ಜಾಗ ನಿಮ್ಮ ಹಾಲ್ ಅಲ್ಲ.

ಹೆಜ್ಜೆ 2: ಬಣ್ಣವನ್ನು ಒಂದು ಬಟ್ಟೆಯಿಂದ ಆರಿಸಿ

ಪೇಂಟ್ ಕಂಪನಿಯ ಶೇಡ್ ಕಾರ್ಡ್ ಹಿಡಿದು ಕೂತರೆ ತಲೆ ಕೆಡುತ್ತೆ. ಅದಕ್ಕಿಂತ ನಿಮಗೆ ತುಂಬಾ ಇಷ್ಟವಾದ ಒಂದು ಬಟ್ಟೆ ಹುಡುಕಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಸಂಡೂರಿನ ಲಂಬಾಣಿ ಕಸೂತಿಯ ಚೀಲ, ಯಾವುದಾದರೂ ಸರಿ. ನೇಕಾರರು ತಲೆಮಾರುಗಳಿಂದ ಬಣ್ಣ ಕೂಡಿಸುತ್ತಾ ಬಂದವರು. ಯಾವ ಕೆಂಪಿನ ಪಕ್ಕ ಯಾವ ಹಸಿರು ಕೂರುತ್ತೆ ಅನ್ನೋದನ್ನು ಅವರು ಆಗಲೇ ನಿಮಗೋಸ್ಕರ ತೀರ್ಮಾನಿಸಿಟ್ಟಿದ್ದಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನವಿಲು ಹಸಿರು ಒಡಲು, ಟೋಪ್ ತೆನಿ ಅಂತ ಕರೆಯುವ ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿಯ ವಿನ್ಯಾಸ, ದಡಿಯಲ್ಲಿ ಸಾಸಿವೆ ಹಳದಿಯ ಎಳೆ ಇರುವ ಒಂದು ಇಳಕಲ್ ಸೀರೆ. ಹಸಿರು, ಕೆಂಪು, ಹಳದಿ ಇವು ಮೂರು ಮುಖ್ಯ ಬಣ್ಣ. ಬಿಳಿ ಮತ್ತು ಕಪ್ಪು ಇವಕ್ಕೆ ಆಸರೆ. ಸೀರೆಯಲ್ಲಿ ಯಾವ ಬಣ್ಣ ಎಷ್ಟಿದೆಯೋ ಕೋಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಒಡಲಿನ ಹಸಿರು ಗೋಡೆಗೆ, ಸೆರಗಿನ ಕೆಂಪು ನೆಲಹಾಸು ಮತ್ತು ಒಂದೆರಡು ಕುರ್ಚಿಗೆ, ಹಳದಿ ದಿಂಬು, ದೀಪ, ಫ್ರೇಮುಗಳಿಗೆ.

ಒಂದು ನಿಯಮ ಮಾತ್ರ ಬಿಡಬೇಡಿ. ಯಾವ ಬಣ್ಣ ಕೋಣೆಗೆ ಬಂದರೂ ಅದು ಕನಿಷ್ಠ ಮೂರು ಕಡೆ ಕಾಣಬೇಕು. ಒಂದೇ ಕಡೆ ಇದ್ದರೆ ದಾರಿ ತಪ್ಪಿ ಬಂದ ಹಾಗಿರುತ್ತೆ. ವಿನ್ಯಾಸಕ್ಕೂ ಇದೇ ಮಾತು. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದಾಗ ಮೇಲೆ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲು ನೋಡಿರುತ್ತೀರಿ. ಮುಂದಿನ ಸಲ ನೆಲವನ್ನೂ ನೋಡಿ, ಅಲ್ಲಿನ ಮೊಸಾಯಿಕ್‌ನಲ್ಲೂ ನವಿಲೇ ಇದೆ. ಅಷ್ಟು ಕಂಬ, ಅಷ್ಟು ಬಣ್ಣ ಇರುವ ಜಾಗ ಒಂದಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಹೆಜ್ಜೆ 3: ಗೋಡೆ

ಪೇಂಟ್‌ಗೆ ಮುಂಚೆ ಎರಡು ಕೆಲಸ ಮುಗಿಸಿ. ಹೆಚ್ಚುವರಿ ದೀಪಕ್ಕೆ ಬೇಕಾದ ಕರೆಂಟ್ ಪಾಯಿಂಟ್‌ಗಳನ್ನು ಮೊದಲೇ ಹಾಕಿಸಿ. ಗೋಡೆ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ ಸರಿ ಮಾಡಿಸಿ. ತೇವದ ಗೋಡೆ ಮೇಲೆ ಎಂಥ ಪೇಂಟ್ ಬಳಿದರೂ ಒಂದು ಮಳೆಗಾಲದಲ್ಲಿ ಎದ್ದು ಬರುತ್ತೆ.

ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಬಳಿದು ಉಳಿದ ಮೂರನ್ನು ಬಿಳಿ ಬಿಡುವ ಅಭ್ಯಾಸ ಇದೆಯಲ್ಲ, ಅದನ್ನು ನಾನು ಈ ಶೈಲಿಗೆ ಒಪ್ಪುವುದಿಲ್ಲ. ಆ ಒಂದು ಗೋಡೆ ಕೂಗುತ್ತೆ, ಉಳಿದವು ಸುಮ್ನೆ ನಿಂತಿರುತ್ತವೆ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಬಳಿದರೆ ಕಣ್ಣು ಬೇಗ ಒಗ್ಗಿಕೊಳ್ಳುತ್ತೆ, ಆಮೇಲೆ ಆ ಬಣ್ಣದ ಮೇಲೆ ನೀವು ಇಡುವ ವಸ್ತುಗಳು ಎದ್ದು ಕಾಣುತ್ತವೆ. ಚಿಕ್ಕ ಕೋಣೆಗೆ ಗಾಢ ಬಣ್ಣ ಬೇಡ ಅಂತ ಹೇಳುವವರು ಸಿಗುತ್ತಾರೆ. ನನ್ನ ಪ್ರಕಾರ ಚಿಕ್ಕ ಕೋಣೆಗೇ ಅದು ಚೆನ್ನ. ಬಿಳಿ ಬಳಿದ ಮಾತ್ರಕ್ಕೆ ಹತ್ತು ಅಡಿಯ ಕೋಣೆ ಹದಿನೈದು ಅಡಿ ಆಗೋದಿಲ್ಲ, ಅದರ ಮೂಲೆಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ ಅಷ್ಟೇ. ಗಾಢ ಹಸಿರಲ್ಲೋ ನೀಲಿಯಲ್ಲೋ ಮೂಲೆಗಳು ಕರಗುತ್ತವೆ.

ಚಾವಣಿಯನ್ನು ಏನು ಮಾಡೋದು? ಅಪ್ಪಟ ಬಿಳಿ ಬಿಟ್ಟರೆ ಮೇಲಿಂದ ಮುಚ್ಚಳ ಹಾಕಿದ ಹಾಗೆ ಕಾಣುತ್ತೆ. ಗೋಡೆಯ ಬಣ್ಣವನ್ನೇ ತುಂಬಾ ತಿಳಿ ಮಾಡಿಸಿ ಬಳಿಸಿ, ಇಲ್ಲವೇ ಕೆನೆ ಬಣ್ಣ ಇರಲಿ.

ಬಣ್ಣವನ್ನು ನೇರವಾಗಿ ಗೋಡೆಗೆ ಬಳಿದು ಪರೀಕ್ಷೆ ಮಾಡಬೇಡಿ. ಸ್ಯಾಂಪಲ್ ಡಬ್ಬ ತಂದು ಎರಡಡಿಗೆ ಎರಡಡಿಯ ದಪ್ಪ ರಟ್ಟಿಗೆ ಎರಡು ಕೋಟ್ ಹೊಡೆದು ಒಣಗಿಸಿ. ಆ ರಟ್ಟನ್ನು ಕಿಟಕಿ ಪಕ್ಕ, ಎದುರು ಮೂಲೆ, ಬಾಗಿಲ ಹಿಂದೆ ಇಟ್ಟು ಬೆಳಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಪಡುವಣ ಕಿಟಕಿಯ ಕೋಣೆಯಲ್ಲಿ ಸಂಜೆ ಕೆಂಪೆಲ್ಲ ಇನ್ನಷ್ಟು ಕೆಂಪಾಗುತ್ತೆ, ಅಲ್ಲಿ ಹಸಿರು ನೀಲಿ ತಂಪು. ಉತ್ತರದ ಬೆಳಕು ಮಾತ್ರ ಬರುವ ಕೋಣೆಗೆ ಸಾಸಿವೆ, ಇಟ್ಟಿಗೆ, ಕುಂಕುಮದ ಬಣ್ಣಗಳು ಬೆಚ್ಚಗಿರುತ್ತವೆ. ಗಾಢ ಬಣ್ಣಕ್ಕೆ ಮ್ಯಾಟ್ ಫಿನಿಷ್ ತೆಗೆದುಕೊಳ್ಳಿ, ಹೊಳಪಿನದ್ದಾದರೆ ಪುಟ್ಟಿಯ ಏರುಪೇರೆಲ್ಲ ಎದ್ದು ಕಾಣುತ್ತೆ. ಮಕ್ಕಳಿದ್ದರೆ ಒರೆಸಬಹುದಾದ ಮ್ಯಾಟ್ ಕೇಳಿ.

ಬಾಡಿಗೆ ಮನೆಯವರು ಇಲ್ಲಿಗೇ ಓದು ನಿಲ್ಲಿಸಬೇಡಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲಿ. ಹೇಗಿದ್ದರೂ ಆ ದುಡ್ಡು ಹೋಗುತ್ತೆ ಅಂದಮೇಲೆ, ಅಗ್ರಿಮೆಂಟ್ ಬರೆಯುವಾಗಲೇ ನಿಮ್ಮ ಬಣ್ಣ ಬಳಿಸಲು ಓನರ್ ಹತ್ತಿರ ಅನುಮತಿ ಕೇಳಿ, ಅದನ್ನು ಅದರಲ್ಲೇ ಬರೆಸಿ. ಒಪ್ಪದಿದ್ದರೆ ಗೋಡೆ ಬಿಟ್ಟುಬಿಡಿ. ನೆಲ, ಪರದೆ, ದೀಪ ಇವುಗಳಿಂದಲೇ ಮುಕ್ಕಾಲು ಕೆಲಸ ಆಗುತ್ತೆ.

ಹೆಜ್ಜೆ 4: ನೆಲ

ಹಳೆಯ ಮನೆಗಳ ಕೆಂಪು ಗಾರೆ ನೆಲ ಇದ್ದರೆ ನೀವು ಪುಣ್ಯವಂತರು, ಅದನ್ನು ಮುಚ್ಚಬೇಡಿ. ವಿಟ್ರಿಫೈಡ್ ಟೈಲ್ಸ್ ಇದ್ದರೆ ಮಾತ್ರ ಮುಚ್ಚಲೇಬೇಕು, ಆ ಬಿಳಿ ಹೊಳಪು ಕೋಣೆಯ ಬಣ್ಣವನ್ನೆಲ್ಲ ನುಂಗಿಬಿಡುತ್ತೆ.

ನಮ್ಮಲ್ಲಿ ಇದಕ್ಕೆ ಹೇಳಿಮಾಡಿಸಿದ್ದು ನವಲಗುಂದದ ಜಮಖಾನೆ. ಹತ್ತಿ ನೂಲಿನದ್ದು, ಅಲ್ಲಿನ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯ್ದದ್ದು, ಪಗಡೆ ಹಾಸು, ನವಿಲು ಇಂಥ ವಿನ್ಯಾಸಗಳು, ಬಣ್ಣಗಳಲ್ಲಿ ಒಂಚೂರೂ ಸಂಕೋಚ ಇಲ್ಲ. ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಇದೆ. ನೇಯುವವರು ಈಗ ತುಂಬಾ ಕಡಿಮೆ, ಅದಕ್ಕೇ ಕೊಳ್ಳುವವರು ಅಸಲಿಯದನ್ನೇ ಕೇಳಿ ತೆಗೆದುಕೊಳ್ಳಬೇಕು ಅನ್ನೋದು ನನ್ನ ಆಸೆ. ಅಸಲಿ ಜಮಖಾನೆಯನ್ನು ತಿರುಗಿಸಿದರೂ ವಿನ್ಯಾಸ ಕಾಣುತ್ತೆ, ಪ್ರಿಂಟ್ ಹೊಡೆದದ್ದರ ಹಿಂಬದಿ ಮಾಸಲಾಗಿರುತ್ತೆ.

ಅಳತೆ ವಿಷಯದಲ್ಲಿ ಜುಗ್ಗತನ ಬೇಡ. ಸೋಫಾದ ಮುಂದಿನ ಕಾಲುಗಳಾದರೂ ಹಾಸಿನ ಮೇಲೆ ಬರಬೇಕು, ಮೂರು ಜನರ ಸೋಫಾಗೆ ಸುಮಾರು ಐದಡಿಗೆ ಎಂಟಡಿಯದ್ದು ಬೇಕಾಗುತ್ತೆ. ಅಷ್ಟು ದೊಡ್ಡದಕ್ಕೆ ದುಡ್ಡು ಹೊಂದದಿದ್ದರೆ ಕೆಳಗೆ ದೊಡ್ಡ ಸಾದಾ ಚಾಪೆ ಹಾಸಿ, ಮೇಲೆ ಚಿಕ್ಕ ಜಮಖಾನೆ ಹಾಕಿ. ಮನೆಯಲ್ಲಿ ಹಿರಿಯರಿದ್ದರೆ ಹಾಸಿನ ಕೆಳಗೆ ಜಾರದಂತೆ ರಬ್ಬರ್ ಜಾಲರಿ ಹಾಕಲೇಬೇಕು. ಸೊಗಸಿಗಿಂತ ಅವರ ಸೊಂಟ ಮುಖ್ಯ.

ಹೆಜ್ಜೆ 5: ಪರದೆ, ದಿಂಬು, ಹೊದಿಕೆ

ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45ರಿಂದ 47 ಇಂಚು ಅಗಲ. ಮಧ್ಯಕ್ಕೆ ಕತ್ತರಿಸಿದರೆ ಎರಡು ತುಂಡು. ಮೇಲೆ ಕೆಳಗೆ ಮಡಿಕೆ ಹೊಲಿದ ಮೇಲೂ ಏಳಡಿ ಎತ್ತರದ ಎರಡು ಪರದೆ ಆಗುತ್ತೆ, ಉಳಿದ ತುಂಡುಗಳಿಂದ ಮೇಜಿನ ಮೇಲೆ ಹಾಸುವ ಉದ್ದನೆಯ ಪಟ್ಟಿ ಹೊಲಿಸಬಹುದು. ಪರದೆಯ ಒಟ್ಟು ಅಗಲ ಕಿಟಕಿಯ ಎರಡರಷ್ಟು ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತೆ. ಅಂದರೆ ನಾಲ್ಕಡಿ ಕಿಟಕಿಗೆ ಒಂದು ಸೀರೆ ಸರಿಹೋಗುತ್ತೆ. ಸೆರಗು ಒಂದೇ ಪರದೆಗೆ ಬರುತ್ತೆ, ಅದನ್ನು ಕೆಳಗೆ ಬರುವ ಹಾಗೆ ಹೊಲಿಯಲು ಟೈಲರ್‌ಗೆ ಬಿಡಿಸಿ ಹೇಳಿ. ಎರಡು ಪರದೆ ಒಂದೇ ಥರ ಇರಬೇಕು ಅಂತ ಹಟ ಬೇಡ.

ಹಿಂದೆ ಹತ್ತಿಯ ಅಸ್ತರು (ಲೈನಿಂಗ್) ಕೊಡಿಸುವುದನ್ನು ಮರೆಯಬೇಡಿ. ರೇಷ್ಮೆ ಬಿಸಿಲಿಗೆ ಬೇಗ ಬಣ್ಣ ಬಿಡುತ್ತೆ, ಆಮೇಲೆ ಹರಿಯುತ್ತೆ. ದರಿಯಾ ದೌಲತ್‌ನ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿರುವುದನ್ನು ಕಂಡು ಚಿತ್ರ ನೋಡೋಕೆ ಬಿಡಲ್ವಲ್ಲ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಆ ಪರದೆ ಬಿಸಿಲು ತಡೆಯುತ್ತಿರೋದರಿಂದಲೇ ಒಳಗಿನ ಬಣ್ಣ ಉಳಿದಿದೆ. ಪರದೆಯ ಕಂಬಿಯನ್ನು ಕಿಟಕಿ ಚೌಕಟ್ಟಿಗಿಂತ ಆರು ಇಂಚು ಮೇಲೆ, ಎರಡೂ ಬದಿಗೆ ಆರೆಂಟು ಇಂಚು ಆಚೆಗೆ ಬರುವ ಹಾಗೆ ಹಾಕಿಸಿ. ಕಿಟಕಿ ದೊಡ್ಡದಾಗಿ ಕಾಣುತ್ತೆ, ಪರದೆ ಸರಿಸಿದಾಗ ಬೆಳಕೂ ಪೂರ್ತಿ ಒಳಗೆ ಬರುತ್ತೆ.

ಒಂದು ಮಾತು: ಸುಸ್ಥಿತಿಯಲ್ಲಿರುವ ಕೈಮಗ್ಗದ ಸೀರೆಗೆ ಕತ್ತರಿ ಹಾಕಬೇಡಿ. ಮಡಿಕೆಯಲ್ಲಿ ಸೀಳು ಬಿಟ್ಟದ್ದು, ಕಲೆ ಆದದ್ದು, ಇನ್ನು ಯಾರೂ ಉಡೋದಿಲ್ಲ ಅಂತ ಖಾತ್ರಿ ಆದದ್ದು ಮಾತ್ರ ಪರದೆಗೆ.

ಇನ್ನು ವಿನ್ಯಾಸಗಳನ್ನು ಬೆರೆಸುವುದು. ಹೂವು, ಗೆರೆ, ಚೌಕಳಿ, ಬುಟ್ಟಾ ಎಲ್ಲ ಒಂದೇ ಸೋಫಾ ಮೇಲೆ ಬರಬಹುದು, ಆದರೆ ಗಾತ್ರ ಬೇರೆ ಬೇರೆ ಇರಬೇಕು. ಒಂದು ದೊಡ್ಡ ವಿನ್ಯಾಸ, ಅಂದರೆ ಅಂಗೈಗಿಂತ ದೊಡ್ಡ ಹೂವು. ಒಂದು ಮಧ್ಯಮ, ಪಟ್ಟೇದ ಅಂಚು ಸೀರೆಯ ಚೌಕಳಿ ಥರದ್ದು. ಒಂದು ಸಣ್ಣದು, ಖಣದ ಬುಟ್ಟಾದಷ್ಟು. ಎಲ್ಲವೂ ಒಂದೇ ಗಾತ್ರದ್ದಾದರೆ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಸುಸ್ತಾಗುತ್ತೆ. ಐದು ದಿಂಬು ಇದ್ದರೆ ಒಂದು ಪೂರ್ತಿ ಸಾದಾ ಇರಲಿ.

ಧಾರವಾಡದ ಕಸೂತಿ ಮಾಡಿದ ಬಟ್ಟೆ ಇದ್ದರೆ ಅದನ್ನು ಗೋಡೆಗೆ ಒತ್ತಿ ನೇತುಹಾಕಬೇಡಿ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಇರೋದಿಲ್ಲ, ಎರಡೂ ಕಡೆ ಒಂದೇ ಥರ ಕಾಣುತ್ತೆ. ಅದಕ್ಕೇ ಹಾಲ್ ಮತ್ತು ಊಟದ ಜಾಗದ ಮಧ್ಯೆ ತೆಳುವಾದ ಅಡ್ಡಪರದೆಯಾಗಿ ಬಿಟ್ಟರೆ ಆ ಕೈಕೆಲಸಕ್ಕೆ ನ್ಯಾಯ ಸಿಗುತ್ತೆ. ಲಂಬಾಣಿ ಕಸೂತಿಯದು ಬೇರೆ ಲೆಕ್ಕ. ಅದರಲ್ಲಿ ಕನ್ನಡಿ, ಕವಡೆ ಇರುತ್ತೆ, ಬೆನ್ನಿಗೆ ಚುಚ್ಚುತ್ತೆ. ಒರಗುವ ದಿಂಬಿಗೆ ಬೇಡ, ಗೋಡೆಗೆ ಅಥವಾ ಮಂಚದ ತಲೆದೆಸೆಗೆ ಹಾಕಿ.

ದೂರದ ದೇಶದಲ್ಲಿ ಗೋಡೆಗೆ ಒಂದು ತೂತು ಕೂಡ ಹೊಡೆಯುವಂತಿಲ್ಲದ ಬಾಡಿಗೆ ಮನೆಯಲ್ಲಿರುವ ಕನ್ನಡಿಗರಿಗೂ ನಾನು ಮೊದಲು ಹೇಳುವುದು ಬಟ್ಟೆಯನ್ನೇ. ಖಣದ ನಾಲ್ಕು ತುಂಡು ಸೂಟ್‌ಕೇಸಿನಲ್ಲಿ ಜಾಗವನ್ನೇ ಕೇಳೋದಿಲ್ಲ.

ಹೆಜ್ಜೆ 6: ದೊಡ್ಡ ಸಾಮಾನು

ಇಲ್ಲಿ ಹೇಳೋದು ಕಡಿಮೆ. ಇರುವ ಸೋಫಾ ಗಟ್ಟಿ ಇದ್ದರೆ ಹೊಸದು ಕೊಳ್ಳಬೇಡಿ, ಹೊದಿಕೆ ಬದಲಿಸಿ. ಹೊಂದಾಣಿಕೆಯ ಸೆಟ್ ಬೇಡ, ಬೇರೆ ಬೇರೆ ಕಾಲದ ಕುರ್ಚಿಗಳು ಇದ್ದಷ್ಟೂ ಒಳ್ಳೆಯದು, ಕೂರುವ ಎತ್ತರ ಮಾತ್ರ ಹೆಚ್ಚುಕಡಿಮೆ ಒಂದೇ ಇರಲಿ. ಓಡಾಡುವ ದಾರಿ ಮೂರಡಿ ಖಾಲಿ ಇರಬೇಕು, ಅದರಲ್ಲಿ ರಾಜಿ ಇಲ್ಲ. ಕೋಣೆಗೆ ಒಂದು ದೊಡ್ಡ, ದಿಟ್ಟ ವಸ್ತು ಇರಲಿ. ಕಲಘಟಗಿಯ ಬಣ್ಣದ ತೊಟ್ಟಿಲು ಮನೆಯಲ್ಲಿದ್ದರೆ ಅದಕ್ಕಿಂತ ಬೇಕಾ? ಪುಸ್ತಕ, ಹೊದಿಕೆ ತುಂಬಿ ಹಾಲ್‌ನಲ್ಲೇ ಇಡಿ.

ಹೆಜ್ಜೆ 7: ಫ್ರೇಮುಗಳ ಗೋಡೆ

ಗೋಡೆ ತುಂಬಾ ಫ್ರೇಮು ಹಾಕುವುದನ್ನು ಎಲ್ಲರೂ ಬಯಸುತ್ತಾರೆ, ತಪ್ಪುಗಳೂ ಇಲ್ಲೇ ಜಾಸ್ತಿ. ಸಾಮಾನ್ಯವಾಗಿ ತುಂಬಾ ಮೇಲೆ ಹಾಕುತ್ತಾರೆ, ತುಂಬಾ ದೂರ ದೂರ ಹಾಕುತ್ತಾರೆ.

ಮೊದಲು ಗೋಡೆಯ ಅಳತೆಯಷ್ಟು ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ. ಫ್ರೇಮುಗಳನ್ನೆಲ್ಲ ಅಲ್ಲಿ ಜೋಡಿಸಿ ನೋಡಿ. ಅತಿ ದೊಡ್ಡದನ್ನು ನಟ್ಟನಡುವೆ ಇಡಬೇಡಿ, ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿ ಅದರ ಸುತ್ತ ಉಳಿದವನ್ನು ಬೆಳೆಸುತ್ತಾ ಹೋಗಿ. ಫ್ರೇಮುಗಳ ನಡುವೆ ಎರಡು ಇಂಚು, ಹೆಚ್ಚೆಂದರೆ ಮೂರು ಇಂಚು ಬಿಡಿ. ಜೋಡಣೆ ಸರಿ ಅನಿಸಿದ ಮೇಲೆ ಮೇಲಿನಿಂದ ಫೋಟೋ ತೆಗೆಯಿರಿ. ಪ್ರತಿ ಫ್ರೇಮಿನ ಅಳತೆಗೆ ಹಳೆ ಪೇಪರ್ ಕತ್ತರಿಸಿ, ಕೊಕ್ಕೆ ಎಲ್ಲಿ ಬರುತ್ತೆ ಅಂತ ಅದರಲ್ಲಿ ಗುರುತು ಹಾಕಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ. ಒಂದು ದಿನ ಹಾಗೇ ಬಿಟ್ಟು ನೋಡಿ. ಇಡೀ ಗುಂಪಿನ ನಡುಭಾಗ ನೆಲದಿಂದ ಸುಮಾರು 57 ಇಂಚು ಮೇಲೆ ಬಂದರೆ ಕಣ್ಣಿಗೆ ಸರಿಯಾಗಿ ಹೊಂದುತ್ತೆ. ಸೋಫಾ ಮೇಲಾದರೆ ಕೆಳಗಿನ ಫ್ರೇಮಿಗೂ ಸೋಫಾದ ಬೆನ್ನಿಗೂ ಆರೆಂಟು ಇಂಚು ಅಂತರ ಸಾಕು.

ಪೇಪರ್ ಮೇಲಿನ ಗುರುತಿನ ಮೂಲಕವೇ ಡ್ರಿಲ್ ಮಾಡಿ. ಹ್ಯಾಮರ್ ಡ್ರಿಲ್, 6 ಎಂಎಂ ಬಿಟ್, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್, ಒಂದೂವರೆ ಇಂಚಿನ ಸ್ಕ್ರೂ. ಕಾಂಕ್ರೀಟ್ ಗೋಡೆಗೆ ಸುತ್ತಿಗೆಯಿಂದ ಮೊಳೆ ಹೊಡೆದರೆ ಮೊಳೆ ಬಾಗುತ್ತೆ, ಪುಟ್ಟಿ ಉದುರುತ್ತೆ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಕೆಳಕ್ಕೆ ವೈರ್ ಪೈಪು ಹೋಗಿರುತ್ತೆ, ಆ ಸಾಲಿನಲ್ಲಿ ಡ್ರಿಲ್ ಬೇಡವೇ ಬೇಡ. ಬಚ್ಚಲ ಗೋಡೆಯ ಹಿಂಬದಿಯಲ್ಲೂ ನೀರಿನ ಪೈಪು ಇರುತ್ತೆ, ಹುಷಾರು.

ಏನೇನು ಹಾಕಬಹುದು? ಬರೀ ಚೌಕದ ಚಿತ್ರಗಳೇ ಆದರೆ ಸಪ್ಪೆ. ಚಿನ್ನದ ರೇಕಿನ ಮೈಸೂರು ಶೈಲಿಯ ಚಿತ್ರ, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ, ಕುಟುಂಬದ ಫೋಟೋ, ಮಕ್ಕಳು ಬಿಡಿಸಿದ್ದು, ಒಂದು ದುಂಡನೆಯ ಕನ್ನಡಿ, ಬೀಸಣಿಗೆ, ಮೊರ, ಯಕ್ಷಗಾನದ ಕಿರೀಟದ ಚಿಕ್ಕ ಮಾದರಿ. ಚಿತ್ತಾರದ ಗೆರೆಗಳು ತುಂಬಾ ಸೂಕ್ಷ್ಮ, ಅದನ್ನು ಕಣ್ಣಿನ ಮಟ್ಟಕ್ಕೇ ಹಾಕಿ. ತೊಗಲು ಗೊಂಬೆಯನ್ನು ಮಾತ್ರ ಈ ಗೋಡೆಗೆ ಹಾಕಬೇಡಿ. ಅದರ ಚರ್ಮದ ಮೂಲಕ ಬೆಳಕು ಹಾಯುತ್ತೆ, ಅದನ್ನು ಮಾಡಿರೋದೇ ದೀಪದ ಮುಂದೆ ಆಡಿಸಲು. ಗೋಡೆಗೆ ಒತ್ತಿದರೆ ಬಣ್ಣ ಸತ್ತ ಹಾಗೆ ಕಾಣುತ್ತೆ. ಅದನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ದಾರದಲ್ಲಿ ಇಳಿಬಿಟ್ಟು, ಹಿಂದಿನಿಂದ ಬಿಸಿಯಾಗದ ಒಂದು ಎಲ್‌ಇಡಿ ದೀಪ ಹಾಕಿ. ರಾತ್ರಿ ಇಡೀ ಕೋಣೆಯ ಮುಖವೇ ಬದಲಾಗುತ್ತೆ.

ಕರಾವಳಿ, ಮಲೆನಾಡಿನವರು ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಚಿಕ್ಕ ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಿದರೆ ಬೂಷ್ಟು ಹಿಡಿಯೋದು ಕಡಿಮೆಯಾಗುತ್ತೆ.

ಹೆಜ್ಜೆ 8: ಶೆಲ್ಫು

ಹಳೇಬೀಡಿನ ಪಟ್ಟಿಗಳ ವಿಚಾರ ಹೆಚ್ಚು ಕೆಲಸಕ್ಕೆ ಬರೋದು ಇಲ್ಲಿ. ಕೆಳಗಿನ ಖಾನೆಗೆ ಭಾರದ್ದು, ಒಂದೇ ಥರದ್ದು: ಹಂಡೆ, ಕೊಳಗ, ಬೀಸುವ ಕಲ್ಲು, ದಪ್ಪ ಪುಸ್ತಕ. ಕಣ್ಣಿನ ಮಟ್ಟಕ್ಕೆ ಹತ್ತಿರದಿಂದ ನೋಡಬೇಕಾದ ಸೂಕ್ಷ್ಮ ಕೆಲಸ: ಕಿನ್ನಾಳದ ಗೊಂಬೆ, ಬಿದರಿ ಡಬ್ಬಿ, ಗಂಜೀಫಾ ಎಲೆಗಳು (ಕೈಯಿಂದ ಚಿತ್ರ ಬರೆದ ಇಸ್ಪೀಟೆಲೆಗಳು). ಮೇಲಿನ ಖಾನೆಗೆ ದೂರದಿಂದಲೂ ಆಕಾರ ಗೊತ್ತಾಗುವ ದೊಡ್ಡ ವಸ್ತು. ಒಂದು ಖಾನೆಯೊಳಗೆ ಹಿಂದೆ ಎತ್ತರದ್ದು, ಮುಂದೆ ಗಿಡ್ಡದ್ದು, ಬೆಸ ಸಂಖ್ಯೆಯ ಗುಂಪುಗಳಲ್ಲಿ.

ಹಿನ್ನೆಲೆ ನೋಡಿಕೊಂಡು ಇಡಿ. ಬಿದರಿ ಕಪ್ಪು, ಅದರ ಮೇಲಿನ ಬೆಳ್ಳಿಯ ಎಳೆ ತೆಳು. ಗಾಢ ಮರದ ಶೆಲ್ಫಿನಲ್ಲಿ ಇಟ್ಟರೆ ಅದು ಇದೆ ಅಂತಲೇ ಗೊತ್ತಾಗೋದಿಲ್ಲ. ಹಿಂದೆ ಸಾಸಿವೆ ಬಣ್ಣ ಬಳಿಯಿರಿ, ಇಲ್ಲವೇ ಖಣದ ತುಂಡು ಅಂಟಿಸಿದ ರಟ್ಟು ಇಡಿ. ಹಿತ್ತಾಳೆ ಗಾಢ ಹಸಿರು, ನೀಲಿಯ ಮುಂದೆ ಬೆಳಗುತ್ತೆ. ಚನ್ನಪಟ್ಟಣದ ಆಟಿಕೆಗಳಲ್ಲಿ ಅರಗಿನ ಬಣ್ಣವೇ ಪ್ರಖರವಾಗಿರೋದರಿಂದ ಸಾದಾ ಹಿನ್ನೆಲೆ ಸಾಕು.

ಒಂದು ಮನೆಯಲ್ಲಿ ಒಂದು ಜಾಗವನ್ನಾದರೂ ಪೂರ್ತಿ ಖಾಲಿ ಬಿಡಬೇಕು. ನನ್ನ ಆಯ್ಕೆ ಊಟದ ಮೇಜು ಮತ್ತು ಅಡುಗೆ ಕಟ್ಟೆ. ದಿನಾ ಕೆಲಸ ಮಾಡುವ ಜಾಗದಲ್ಲಿ ಅಲಂಕಾರ ಇದ್ದರೆ ಅದು ಬೇಗ ಅಡಚಣೆ ಅನಿಸಿಬಿಡುತ್ತೆ.

ಹೆಜ್ಜೆ 9: ಬೆಳಕು

ಇಷ್ಟೆಲ್ಲ ಮಾಡಿ ನಡುಚಾವಣಿಯಲ್ಲಿ ಒಂದು ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಎಲ್ಲವೂ ಅಂಗಡಿಯ ದಾಸ್ತಾನು ಥರ ಕಾಣುತ್ತೆ. ಹಾಲ್‌ಗೆ ನಾಲ್ಕೈದು ಚಿಕ್ಕ ದೀಪ ಬೇಕು, ಮೂರು ಎತ್ತರದಲ್ಲಿ: ನೆಲದ ಹತ್ತಿರ ಒಂದು, ಮೇಜಿನ ಮಟ್ಟದಲ್ಲಿ ಎರಡು, ಮೇಲಿಂದ ಇಳಿಬಿದ್ದದ್ದು ಒಂದು. ಬಲ್ಬು ಕೊಳ್ಳುವಾಗ ಪ್ಯಾಕ್ ಮೇಲೆ 2700ರಿಂದ 3000 ಕೆಲ್ವಿನ್ ಅಂತ ಇದೆಯಾ ನೋಡಿ, ವಾರ್ಮ್ ವೈಟ್ ಅಂತ ಬರೆದಿರುತ್ತೆ. ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನುವ ಅಳತೆ, 90 ಅಥವಾ ಅದಕ್ಕಿಂತ ಹೆಚ್ಚಿರುವುದು ಸಿಕ್ಕರೆ ಅದನ್ನೇ ತನ್ನಿ. ಅಗ್ಗದ ಎಲ್‌ಇಡಿ ಕೆಳಗೆ ಕೆಂಪು ಬಣ್ಣ ಕಂದಾಗಿಬಿಡುತ್ತೆ, ಕೆಂಪೇ ಮಂಕಾದರೆ ಇಳಕಲ್ ಸೆರಗು ಹಾಕಿ ಏನು ಬಂತು? ಓದಲು, ತರಕಾರಿ ಹೆಚ್ಚಲು ಬಿಳಿ ದೀಪ ಬೇರೆ ಸ್ವಿಚ್ಚಿನಲ್ಲಿ ಇರಲಿ.

ಗಿಡ

ಮೂಲೆಗೆ ಅರೆಕಾ ಪಾಮ್, ಶೆಲ್ಫಿನಿಂದ ಇಳಿಬೀಳುವ ಮನಿ ಪ್ಲಾಂಟ್, ಬೆಳಕು ಕಡಿಮೆ ಇರುವ ಕಡೆ ಸ್ನೇಕ್ ಪ್ಲಾಂಟ್. ತಾಮ್ರದ ಹಂಡೆಗೆ ನೇರವಾಗಿ ಮಣ್ಣು ತುಂಬಬೇಡಿ, ಗಿಡವನ್ನು ತೂತಿರುವ ಕುಂಡದಲ್ಲೇ ಇಟ್ಟು ಆ ಕುಂಡವನ್ನು ಹಂಡೆಯೊಳಗೆ ಕೂರಿಸಿ. ನೀರು ಹಾಕುವಾಗ ಹೊರಗೆ ತೆಗೆಯಿರಿ.

ಎಲ್ಲಿ ನಿಲ್ಲಿಸಬೇಕು?

ಫೋನಿನಲ್ಲಿ ಕೋಣೆಯ ಫೋಟೋ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ಗಾಢ ತಿಳಿ ಸೇರಿಲ್ಲ ಅಂತ ಅರ್ಥ, ಒಂದೆರಡು ಕಪ್ಪು ಮತ್ತು ಒಂದೆರಡು ಬಿಳಿ ವಸ್ತು ಸೇರಿಸಿ. ಒಂದೇ ಮೂಲೆ ಕಪ್ಪಾಗಿ ಕಂಡರೆ ಅಲ್ಲಿ ಭಾರ ಜಾಸ್ತಿ ಆಗಿದೆ, ಏನಾದರೂ ಎದುರು ಗೋಡೆಗೆ ಸಾಗಿಸಿ. ಬಾಗಿಲಲ್ಲಿ ನಿಂತಾಗ ಕಣ್ಣು ಮೊದಲು ಒಂದು ಕಡೆ ನಿಂತು ಆಮೇಲೆ ಸುತ್ತಾಡಬೇಕು. ನಿಲ್ಲಲು ಜಾಗವೇ ಸಿಗದಿದ್ದರೆ ಕೆಲವನ್ನು ತೆಗೆಯುವ ಹೊತ್ತು ಬಂದಿದೆ. ತೆಗೆದದ್ದನ್ನು ಕೊಡಬೇಕಾಗಿಲ್ಲ. ಗೊಂಬೆಗಳ ಪೆಟ್ಟಿಗೆ ವರ್ಷಕ್ಕೊಮ್ಮೆ ಇಳಿಯುವ ಹಾಗೆ ಇವೂ ಅಟ್ಟಕ್ಕೆ ಹೋಗಿ ಯುಗಾದಿಗೋ ದಸರೆಗೋ ವಾಪಸ್ ಬರಲಿ.

ಒರೆಸುವುದು, ಕಾಪಾಡುವುದು

ಧೂಳಿನ ಬಗ್ಗೆ ಸುಳ್ಳು ಹೇಳೋದಿಲ್ಲ, ಕೆಲಸ ಇದೆ. ರಸ್ತೆ ಪಕ್ಕದ ಮನೆಯಾದರೆ ಅಂಗೈಗಿಂತ ಚಿಕ್ಕ ವಸ್ತುಗಳನ್ನೆಲ್ಲ ಗಾಜಿನ ಬಾಗಿಲಿರುವ ಶೋಕೇಸಿನಲ್ಲಿಡಿ, ಅರ್ಧ ಶ್ರಮ ಉಳಿಯುತ್ತೆ. ಬಯಲಿನಲ್ಲಿರುವುದಕ್ಕೆ ವಾರಕ್ಕೊಂದು ಶೆಲ್ಫು ಅಂತ ಸರದಿ ಮಾಡಿಕೊಳ್ಳಿ, ಒಂದೇ ದಿನ ಇಡೀ ಮನೆ ಮಾಡಲು ಹೋಗಬೇಡಿ. ಯಾವಾಗಲೂ ಮೇಲಿಂದ ಕೆಳಕ್ಕೆ ಒರೆಸಿ.

ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು ಸಾಕು, ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಬಿದರಿಗೆ ಹುಣಸೆ, ಪಾತ್ರೆ ಪುಡಿ ಯಾವುದೂ ತಾಗಬಾರದು. ಆ ಕಪ್ಪು ಬಂದಿರೋದು ಬೀದರ್ ಕೋಟೆಯ ಮಣ್ಣು ಸೇರಿಸಿದ ದ್ರಾವಣದಿಂದ, ತಿಕ್ಕಿದರೆ ಹೊರಟುಹೋಗುತ್ತೆ. ಮೆತ್ತಗಿನ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಸವರಿ. ಚನ್ನಪಟ್ಟಣ, ಕಿನ್ನಾಳದ ಗೊಂಬೆಗಳಿಗೆ ನೀರು ಬೇಡ, ಒಣ ಬಟ್ಟೆ ಅಥವಾ ಮೆತ್ತನೆಯ ಬ್ರಷ್ ಸಾಕು, ನೇರ ಬಿಸಿಲಿಗೆ ಇಡಬೇಡಿ. ಜಮಖಾನೆಯನ್ನು ತಿಂಗಳಿಗೊಮ್ಮೆ ಬಾಲ್ಕನಿಯಲ್ಲಿ ಕೊಡವಿ, ನೆರಳಲ್ಲಿ ಗಾಳಿಗೆ ಹಾಕಿ, ಹಾಸುವಾಗ ದಿಕ್ಕು ತಿರುಗಿಸಿ, ಆಗ ಎಲ್ಲ ಕಡೆ ಒಂದೇ ಸಮ ಸವೆಯುತ್ತೆ.

ಅಟ್ಟಕ್ಕೆ ಹೋಗುವ ರೇಷ್ಮೆ, ಜರಿ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ಗಾಳಿಗೆ ಹಿಡಿದು, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಜರಿ ಹರಿಯೋದು ಹೆಚ್ಚಾಗಿ ಆ ಗೆರೆಯಲ್ಲೇ.